ಭದ್ರಾವತಿಯ ಕುಲುಮೆ: ಗುಜರಿಯೋ, ಸ್ಮಾರಕವೋ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ತನ್ನ ಕೆಲಸವನ್ನು ಆರಂಭಿಸಿದ್ದು 1923ನೆಯ ಇಸವಿ ಜನವರಿ ತಿಂಗಳು 18ನೆಯ ತಾರೀಖಿನಂದು. ಅದನ್ನು ಮುಚ್ಚತಕ್ಕದ್ದೆಂದು ಅದರ ಒಡೆತನವನ್ನು ಹೊಂದಿರುವ ಭಾರತೀಯ ಉಕ್ಕು ಪ್ರಾಧಿಕಾರದವರು ನಿಶ್ಚಯಿಸಿದ ಸುದ್ದಿ ಹೊರಬಿದ್ದದ್ದು 2023ನೆಯ ಇಸವಿಯ ಅದೇ ಜನವರಿ ತಿಂಗಳಿನಲ್ಲಿ. ನೂರು ತುಂಬಿದ ಹಿರಿಯರಿಗೆ ಹೊಸ ವಸ್ತ್ರವನ್ನು ಹೊದಿಸಿ ಮನೆಯವರೆಲ್ಲರೂ ನಮಸ್ಕರಿಸುವುದು ಲೋಕರೂಢಿ. ಈ ಹಿರಿಯನಿಗೆ ಸಂದ ಉಡುಗೊರೆಯು ಮರಣಶಾಸನವಾಯಿತು. ಇದರಲ್ಲಿರುವ ಇನ್ನೊಂದು ವಿಪರ್ಯಾಸವನ್ನು ಗಮನಿಸಿದವರು ವಿರಳ. ಒಂದು ಕಟ್ಟಡವು ಪ್ರಾಚೀನಸ್ಮಾರಕವೆನಿಸಿಕೊಳ್ಳಬೇಕಾದರೆ ಅದಕ್ಕೆ ನೂರು ವರ್ಷವಾದರೂ ಆಗಿರಬೇಕೆಂಬುದು 1958ರ ಕೇಂದ್ರ ಶಾಸನದ ನಿಯಮ. 1961ರ ಕರ್ನಾಟಕದ ಶಾಸನದ ನಿಯಮವೂ ಅದೇ. ಹೀಗಾಗಿ ಯಾವ ತಿಂಗಳಿನಲ್ಲಿ ಆ ಕಾರ್ಖಾನೆಯ ಮೊದಲ ಕುಲುಮೆಯು ಸಂರಕ್ಷಣೆಗೆ ವಯಸ್ಸಿನಿಂದ ಅರ್ಹವಾಯಿತೋ ಅದೇ ತಿಂಗಳಿನಲ್ಲಿ ಅದು ವಿನಾಶಕ್ಕೂ ಗುರಿಯಾಯಿತು.

ಆ ಬಳಿಕ ನಡೆದದ್ದು ವಾಚಕರಿಗೆ ವಿದಿತವೇ ಆಗಿದೆ. ಕಾರ್ಮಿಕರು ಬೀದಿಗಿಳಿದರು. 2023ರ ಆಗಸ್ಟ್ ತಿಂಗಳಿನಲ್ಲಿ ಸರಳುಗಳನ್ನು ತಯಾರಿಸುವ ವಿಭಾಗವು ಪುನಃ ಕೆಲಸಕ್ಕೆ ತೊಡಗಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರಾದ ಹೆಚ್. ಡಿ. ಕುಮಾರಸ್ವಾಮಿಯವರು ಕಾರ್ಖಾನೆಗೆ ಬಂದು ನೋಡಿ ಪುನರುಜ್ಜೀವನದ ಮಾತನ್ನಾಡಿದರು. ಅಂದಿನಿಂದ ಶಿವಮೊಗ್ಗೆ ಭದ್ರಾವತಿಗಳ ಜಗುಲಿಗಳಲ್ಲಿ ಎರಡು ಪಕ್ಷಗಳು ವಾದಿಸುತ್ತಲೇ ಇವೆ. ಕಾರ್ಖಾನೆಯನ್ನು ನಡೆಸಬೇಕೆಂಬುದು ಒಂದು ಪಕ್ಷ. ನಷ್ಟದ ಬಾಬನ್ನು ತೊಳೆದುಕೊಂಡು ನೆಲವನ್ನು ಬೇರೆ ಉದ್ಯಮಕ್ಕೆ ಕೊಡಬೇಕೆಂಬುದು ಇನ್ನೊಂದು. ಈ ಉಭಯ ಪಕ್ಷದವರೂ ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯವುಳ್ಳವರಾಗಿದ್ದಾರೆ. ಹಳೆಯ ಗೋಡೆ, ಹಳೆಯ ಕುಲುಮೆ, ಹಳೆಯ ಯಂತ್ರ ಇವುಗಳಿಗೆ ತೂಕದ ಬೆಲೆಯ ಹೊರತು ಮತ್ತಾವ ಬೆಲೆಯೂ ಇಲ್ಲವೆಂಬುದೇ ಆ ವಿಷಯ. ನಡೆಸಬೇಕೆನ್ನುವವರಿಗೆ ಹಳೆಯದು ಹೊಸದಕ್ಕೆ ಅಡ್ಡಿ. ಮಾರಬೇಕೆನ್ನುವವರಿಗೆ ಅದು ಗುಜರಿ. ಈ ಒಮ್ಮತವೇ ಎಲ್ಲಕ್ಕಿಂತ ಅಪಾಯಕರವಾದದ್ದು.

ಕಾರ್ಖಾನೆಯನ್ನು ಜ್ಞಾನಮಂದಿರವೆನ್ನುವುದು ಅತಿಶಯೋಕ್ತಿಯೆಂದು ಕೆಲವು ವಿದ್ಯಾವಂತರು ನಗುವರು. ಅವರ ಎಣಿಕೆಯಲ್ಲಿ ವಿಜ್ಞಾನವೆಂದರೆ ಗಾಜಿನ ನಳಿಕೆಗಳಿರುವ ಒಂದು ಕೋಣೆ. ಮಸಿ, ಹೊಗೆ, ಬೆವರು ಇರುವಲ್ಲಿ ವಿಜ್ಞಾನವಿಲ್ಲ. ಭದ್ರಾವತಿಯಲ್ಲಿ ನಡೆದದ್ದು ಏನೆಂಬುದನ್ನು ಅಂಥವರು ತಿಳಿದವರಲ್ಲ.

ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮವಾದ ಅದಿರುಂಟು. ಆದರೆ ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಕಲ್ಲಿದ್ದಲು ಬೇಕಾದರೆ ಬಂಗಾಳ ಬಿಹಾರಗಳಿಂದ ರೈಲಿನಲ್ಲಿ ತರಿಸಬೇಕು. ತರಿಸಿದರೆ ಸಾಗಣೆಯ ವೆಚ್ಚದಲ್ಲೇ ಲಾಭವೆಲ್ಲ ಕರಗಿಹೋಗುವುದು. ಈ ಗಂಟನ್ನು ಬಿಡಿಸಲು ದಿವಾನ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಸಾಕ್ಚಿಯ ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ನ್ಯೂಯಾರ್ಕಿನ ಸಿ. ಪಿ. ಪೆರಿನ್ ಅವರ ಸಲಹೆಯನ್ನು ಪಡೆದು, 1918ರಲ್ಲಿ ಆರಂಭಿಸಿದ ಉಪಾಯವೇ ಮರದ ಬಟ್ಟಿ ಇಳಿಸುವಿಕೆ. ಕಾರ್ಖಾನೆಯ ಮೊದಲಿನ ಹೆಸರಿನಲ್ಲಿಯೇ ಮರದ ಬಟ್ಟಿ ಮೊದಲು, ಕಬ್ಬಿಣ ಆಮೇಲೆ. ಕಾಡಿನಿಂದ ಬಂದ ಮರವನ್ನು ಮೊದಲು ಒಣಗಿಸುವರು. ಒಣಗಿದ ಮರವನ್ನು ಗಾಳಿ ಒಳಹೋಗದ ದೊಡ್ಡ ಉಕ್ಕಿನ ಪೆಟ್ಟಿಗೆಗಳಲ್ಲಿ ತುಂಬಿ ಹೊರಗಿನಿಂದ ಕಾಯಿಸುವರು. ಗಾಳಿಯಿಲ್ಲದ ಕಾರಣ ಮರವು ಉರಿಯಲಾರದು. ಅದರೊಳಗಿನ ದ್ರವಾಂಶವೆಲ್ಲ ಆವಿಯಾಗಿ ಹೊರಟು ಇದ್ದಲು ಮಾತ್ರ ಉಳಿಯುವುದು. ಹೊರಟ ಆವಿಯನ್ನು ಆಕಾಶಕ್ಕೆ ಬಿಡದೆ ಕೊಳವೆಗಳಲ್ಲಿ ತಣಿಸಿದರೆ ಟಾರು, ಮರದ ಮದ್ಯಸಾರ, ಹುಳಿದ್ರವ ಇವು ದೊರೆಯುವುವು. ಹುಳಿದ್ರವಕ್ಕೆ ಸುಣ್ಣವನ್ನು ಕೂಡಿಸಿದರೆ ಸುಣ್ಣದ ಅಸಿಟೇಟು. ಹಳ್ಳಿಯ ಇದ್ದಲುಗೂಡಿನಲ್ಲಿ ಹೊಗೆಯಾಗಿ ಹಾಳಾಗುತ್ತಿದ್ದ ಪದಾರ್ಥವು ಇಲ್ಲಿ ಪೀಪಾಯಿ ತುಂಬಿ ಮಾರಾಟಕ್ಕೆ ಹೊರಟಿತು.

ಉಳಿದ ಇದ್ದಲು ಊದುಕುಲುಮೆಗೆ. ಅದರ ಬಾಯಿಯಿಂದ ಅದಿರು, ಇದ್ದಲು, ಸುಣ್ಣಕಲ್ಲು ಈ ಮೂರನ್ನೂ ಪದರಪದರವಾಗಿ ಸುರಿಯುವರು. ಬುಡದಿಂದ ಕಾಯಿಸಿದ ಗಾಳಿಯನ್ನು ಊದುವರು. ಇದ್ದಲು ಉರಿದು ಹುಟ್ಟಿದ ಅನಿಲವು ಅದಿರಿನ ಪ್ರಾಣವಾಯುವನ್ನು ಕಸಿದುಕೊಳ್ಳುವುದು. ಸುಣ್ಣವು ಕಲ್ಮಶವನ್ನು ಸೆಳೆದುಕೊಂಡು ಕಿಟ್ಟವಾಗಿ ಮೇಲೆ ತೇಲುವುದು. ಕರಗಿದ ಕಬ್ಬಿಣವು ಅಡಿಯಲ್ಲಿ ನಿಲ್ಲುವುದು. ಕಲ್ಲಿದ್ದಲಿನಲ್ಲಿರುವಷ್ಟು ಗಂಧಕವು ಮರದ ಇದ್ದಲಿನಲ್ಲಿ ಇಲ್ಲವಾದ್ದರಿಂದ ಇಲ್ಲಿಯ ಬೀಡುಕಬ್ಬಿಣವು ಶುದ್ಧವಾದದ್ದೆಂದು ಹೆಸರು ಪಡೆಯಿತು. ಪಾಠಶಾಲೆಯ ಪುಸ್ತಕದಲ್ಲಿ ಎರಡು ಪುಟಗಳಲ್ಲಿ ಮುಗಿದುಹೋಗುವ ಈ ವಿದ್ಯೆಯನ್ನು ಭದ್ರಾನದಿಯ ದಡದ ಒಂದು ಸಣ್ಣ ಊರು ರಾತ್ರಿ ಹಗಲು ಕಣ್ಣಾರೆ ಕಂಡಿತು. ಬೆಂಕಿಪುರವೆಂದು ಜನರ ಬಾಯಲ್ಲಿದ್ದ ಹಳೆಯ ಹೆಸರು ಅದಕ್ಕೆ ಕುಲುಮೆಗಿಂತ ಮುಂಚೆಯೇ ಇತ್ತೆಂಬುದು ಒಂದು ವಿನೋದ.

ಯುದ್ಧದ ಅನಂತರ ಕಬ್ಬಿಣದ ಬೆಲೆ ಕುಸಿದಾಗ, ಮೈಸೂರಿನ ಹಣವೆಲ್ಲ ಭದ್ರೆಯ ಪಾಲಾಯಿತೆಂದು ಹಳಿದವರು ಅನೇಕರಿದ್ದರು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರದವರು 1923ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆಗೆ ಕರೆದರು. 1929ರವರೆಗೆ ಅವರು ಆ ಭಾರವನ್ನು ಹೊತ್ತರು. ಅಮೆರಿಕದ ತಜ್ಞರಿದ್ದ ಸ್ಥಾನಗಳಿಗೆ ಕ್ರಮಕ್ರಮವಾಗಿ ದೇಶೀಯ ಇಂಜಿನಿಯರುಗಳು ಬಂದರು. 1936ರಲ್ಲಿ ಉಕ್ಕು, 1938ರಲ್ಲಿ ಸಿಮೆಂಟು. ಜೋಗದ ವಿದ್ಯುತ್ತು 1948ರಲ್ಲಿ ಹರಿಯತೊಡಗಿದ ಮೇಲೆ 1950ರ ದಶಕದಲ್ಲಿ ವಿದ್ಯುತ್ಕುಲುಮೆಗಳು. ಮರದ ಯುಗದಿಂದ ಜಲವಿದ್ಯುತ್ತಿನ ಯುಗಕ್ಕೆ ಒಂದು ದೇಶವು ಹೇಗೆ ದಾಟಿತೆಂಬುದನ್ನು ಒಂದೇ ಆವರಣದಲ್ಲಿ ಬೊಟ್ಟುಮಾಡಿ ತೋರಿಸಬಲ್ಲ ಸ್ಥಳಗಳು ಭಾರತದಲ್ಲಿ ಎಷ್ಟಿವೆ? ಕಾರ್ಖಾನೆಯು 1962ರಲ್ಲಿ ಕಂಪೆನಿಯಾಯಿತು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿತು, 1989ರಲ್ಲಿ ಉಕ್ಕು ಪ್ರಾಧಿಕಾರದ ಅಧೀನವಾಗಿ 1998ರಲ್ಲಿ ಅದರೊಳಗೆ ಲೀನವಾಯಿತು. ಒಡೆಯರು ಬದಲಾದಷ್ಟೂ ಮಾಲು ದೂರವಾಗುವುದು ಸಹಜವೇ ಸರಿ.

ಪ್ರಾಚೀನವಿದ್ಯೆಯ ಅಭಿಮಾನಿಗಳು ಈ ವಿಷಯದಲ್ಲಿ ತೋರುವ ಔದಾಸೀನ್ಯವು ಇನ್ನೂ ಆಶ್ಚರ್ಯಕರವಾದದ್ದು. ರಸರತ್ನಸಮುಚ್ಚಯದಲ್ಲಿ ರಸಶಾಲೆಯ ಲಕ್ಷಣವನ್ನು ಹೇಳಿದೆ. ಆಗ್ನೇಯದಲ್ಲಿ ಅಗ್ನಿಕಾರ್ಯ, ಪಶ್ಚಿಮದಲ್ಲಿ ತೊಳೆಯುವಿಕೆ, ವಾಯವ್ಯದಲ್ಲಿ ಒಣಗಿಸುವಿಕೆ, ಈಶಾನ್ಯದಲ್ಲಿ ಸಿದ್ಧಪದಾರ್ಥಗಳ ಸಂಗ್ರಹ ಎಂದು ದಿಕ್ಕುದಿಕ್ಕಿಗೆ ಕೆಲಸವನ್ನು ಹಂಚಿಕೊಟ್ಟ ಆ ಕ್ರಮವನ್ನು ಓದಿದವರು, ಪೂರ್ವಿಕರಿಗೆ ಪ್ರಯೋಗಶಾಲೆಯ ಕಲ್ಪನೆಯಿತ್ತೆಂದು ವೇದಿಕೆಗಳ ಮೇಲೆ ಘೋಷಿಸುವರು. ಇತ್ತು, ನಿಜ. ಆದರೆ ಆ ಶಾಲೆಯ ಗೋಡೆಯೆಲ್ಲಿ? ಗ್ರಂಥವು ಉಳಿಯಿತು, ಕಟ್ಟಡವು ಉಳಿಯಲಿಲ್ಲ. ಮೆಹ್ರೌಲಿಯ ಕಬ್ಬಿಣದ ಸ್ತಂಭವು ಸಾವಿರದ ಆರುನೂರು ವರ್ಷಗಳಿಂದ ತುಕ್ಕಿಗೆ ಜಗ್ಗದೆ ನಿಂತಿದೆಯೆಂದು ಅವರೇ ಹೆಮ್ಮೆಪಡುವರು. ಅದನ್ನು ಬೆಸೆದ ಕುಲುಮೆಯೆಲ್ಲಿ? ಅದು ಇಲ್ಲವಾದ್ದರಿಂದಲೇ ಆ ಸ್ತಂಭದ ನಿರ್ಮಾಣಕ್ರಮವನ್ನು ಕುರಿತು ವಿದ್ವಾಂಸರು ಊಹೆಯ ಮೇಲೆ ಊಹೆಯನ್ನು ಹೆಣೆಯಬೇಕಾಗಿದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ಆಂಗ್ಲ ಸರ್ಕಾರದ ವೈದ್ಯನು, ಆಗ ಇಲ್ಲಿಯ ಜನರು ಮಣ್ಣಿನ ಕುಲುಮೆಗಳಲ್ಲಿ ತಿದಿಯೊತ್ತಿ ಕಬ್ಬಿಣವನ್ನು ಕರಗಿಸುತ್ತಿದ್ದ ಬಗೆಯನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಇಂದು ಆ ವಿದ್ಯೆಯನ್ನು ತಿಳಿಯಬೇಕಾದವರು ಅವನ ಪುಸ್ತಕವನ್ನೇ ಕಣ್ಣಿಗೊತ್ತಿಕೊಳ್ಳಬೇಕು. ಹೋದದ್ದಕ್ಕಾಗಿ ಹಲುಬುವ ಪಂಡಿತರು ಇರುವುದನ್ನು ತೂಕಕ್ಕೆ ಹಾಕುವಾಗ ಮೌನವಾಗಿರುವುದು ಯಾವ ಶಾಸ್ತ್ರ?

ಭದ್ರಾವತಿಯಲ್ಲಿಯೇ ಲಕ್ಷ್ಮೀನರಸಿಂಹಸ್ವಾಮಿಯ ದೇವಸ್ಥಾನವಿದೆ. ಹೊಯ್ಸಳರ ಕಾಲದ ಆ ಗುಡಿಯ ಒಂದು ಕಲ್ಲನ್ನು ಕದಲಿಸಬೇಕಾದರೂ ಸರ್ಕಾರದ ಅಪ್ಪಣೆ ಬೇಕು. ಹಾಗಿರುವುದು ಅತ್ಯಂತ ಯೋಗ್ಯ. ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಹೆಸರಿನಿಂದ ಪ್ರಸಿದ್ಧವಾದ ಅರಮನೆಯ ಮರದ ಕಂಬಗಳನ್ನು ಉಳಿಸಿ, ಅಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವನ್ನು ನಡೆಸಿ, ಊರೂರಿನಿಂದ ವೀರಗಲ್ಲುಗಳನ್ನೂ ಶಿಲ್ಪಗಳನ್ನೂ ತಂದು ನಿಲ್ಲಿಸಿರುವುದೂ ಶ್ಲಾಘ್ಯವೇ. ಇವುಗಳಿಂದ ತಿಳಿಯುವ ಸಂಗತಿ ಒಂದುಂಟು. ಈ ಜಿಲ್ಲೆಯ ಜನರಿಗೆ ಹಳೆಯದನ್ನು ಕಾಯುವ ಬುದ್ಧಿಯಿಲ್ಲವೆಂದಲ್ಲ. ದೇವರದು, ಅರಸರದು, ಯುದ್ಧದಲ್ಲಿ ಸತ್ತ ವೀರರದು ಆದರೆ ಕಾಯುವರು. ಕೆಲಸದ್ದು, ವಿದ್ಯೆಯದು ಆದರೆ ಕಾಯಲೊಲ್ಲರು. ಹೊಯ್ಸಳ ಶಿಲ್ಪಿಯ ಉಳಿಯ ಗುರುತಿಗೆ ಕೊಡುವ ಗೌರವದಲ್ಲಿ ಹತ್ತರಲ್ಲೊಂದು ಪಾಲನ್ನು ಕುಲುಮೆಯ ಬಾಯಿಯಲ್ಲಿ ನಿಂತು ಮೈ ಸುಟ್ಟುಕೊಂಡವನ ಕೆಲಸಕ್ಕೆ ಕೊಟ್ಟರೆ ಸಾಕಾಗಿತ್ತು.

ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವುಂಟು. 1962ರಲ್ಲಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಮಕ್ಕಳು ಬಸ್ಸುಗಳಲ್ಲಿ ಹೋಗಿ ಅಲ್ಲಿಯ ಯಂತ್ರಗಳನ್ನೂ ಮಾದರಿಗಳನ್ನೂ ನೋಡಿ ಬರುವರು. ಒಳ್ಳೆಯದೇ ಆಯಿತು. ಆದರೆ ಆ ಮಹಾನುಭಾವರು ಆರು ವರ್ಷ ಸ್ವತಃ ನಡೆಸಿದ ಕಾರ್ಖಾನೆಯನ್ನೇ ಒಡೆಯಲು ಬಿಟ್ಟು, ಅವರ ಹೆಸರಿನಲ್ಲಿ ಮಾದರಿಗಳನ್ನು ತೋರಿಸುವ ಭಕ್ತಿಯು, ತಾಯಿಯನ್ನು ಬೀದಿಗೆ ತಳ್ಳಿ ಅವಳ ಭಾವಚಿತ್ರಕ್ಕೆ ಹಾರ ಹಾಕುವವನ ಭಕ್ತಿಯಂತಿದೆ.

ಇದು ಭದ್ರಾವತಿಯೊಂದರ ದುರ್ದೈವವಲ್ಲ. ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ವ್ಯಾಖ್ಯಾನಗಳಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಕ್ರುಂಬಿಗಲ್ ಸಭಾಂಗಣವು ವರ್ಷಗಟ್ಟಲೆ ಹಾಳುಬಿದ್ದು 2017ರ ಮಳೆಯಲ್ಲಿ ಕುಸಿದುಬಿತ್ತು. ಭಾರತದ ನೆಲವನ್ನು ತ್ರಿಕೋನಗಳಿಂದ ಅಳೆದ ಮಹಾ ಸರ್ವೇಕ್ಷಣದ ಕಾಲದ ಒಂದು ವೀಕ್ಷಣಾಗೋಪುರವು ಬೆಂಗಳೂರಿನ ಹೊರವಲಯದ ಕಣ್ಣೂರಿನಲ್ಲಿತ್ತು. ಅದು 2024ರಲ್ಲಿ ನೆಲಕ್ಕುರುಳಿತು. ದೇಶದ ನಕ್ಷೆಗೆ ಆಧಾರವಾದ ಕಟ್ಟಡಕ್ಕೆ ತನ್ನ ಸ್ವಂತ ನೆಲದಲ್ಲಿ ನಿಲ್ಲಲು ಆಧಾರವಿಲ್ಲವಾಯಿತು. ಇವೆರಡೂ ಸಣ್ಣ ಕಟ್ಟಡಗಳು. ಉಳಿಸಲು ಅಪಾರವಾದ ದ್ರವ್ಯವೇನೂ ಬೇಕಿರಲಿಲ್ಲ. ರಾಜಧಾನಿಯ ಬುಡದಲ್ಲಿಯೇ ಹೀಗಾದರೆ ಮಲೆನಾಡಿನ ಅಂಚಿನ ಊರಿಗೆ ದಿಕ್ಕಾರು?

ಇನ್ನು ಎದುರಾಳಿಗಳ ಮಾತು. ಅವುಗಳಲ್ಲಿ ಕೆಲವು ಬರಿಯ ಹಗುರ ಮಾತುಗಳು. ಒಂದು ಮಾತ್ರ ಭಾರವಾದದ್ದು. ಅದನ್ನೇ ಮೊದಲು ಎತ್ತಿಕೊಳ್ಳುವುದು ನ್ಯಾಯ.

ಆ ಕುಲುಮೆಯು ತಿಂದದ್ದು ಮಲೆನಾಡಿನ ಕಾಡನ್ನಲ್ಲವೇ, ಅದನ್ನು ಪೂಜಿಸುವುದೇಕೆ ಎಂದು ಕೆಲವರು ಕೇಳುವರು. ಕಾಡನ್ನು ತಿಂದದ್ದು ನಿಜ. ಮರದ ಇದ್ದಲಿನಿಂದ ಕಬ್ಬಿಣವನ್ನು ಮಾಡುವುದೆಂದರೆ ಗುಡ್ಡಗಳನ್ನು ಬೋಳಿಸುವುದೆಂದೇ ಅರ್ಥ. ಮರವನ್ನು ಮರಳಿ ಬೆಳೆಸುತ್ತ ಸರದಿಯಂತೆ ಕಡಿಯಬಹುದೆಂಬ ಲೆಕ್ಕವು ಕಾಗದದ ಮೇಲೆ ಸಾಧುವಾಗಿ ಕಂಡಷ್ಟು ನೆಲದ ಮೇಲೆ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಹೊಗಳಿಕೆಯ ಫಲಕವನ್ನು ಮಾತ್ರ ನೆಡುವುದಾದರೆ ಅಂಥ ಸ್ಮಾರಕವು ಬೇಡವೇ ಬೇಡ. ಆದರೆ ಕುಲುಮೆಯನ್ನು ಒಡೆದು ಮಾರಿದರೆ ಕಾಡು ಮರಳಿ ಬರುವುದೇ? ಒಂದು ರಾಜ್ಯವು ತನ್ನ ಕಾಡನ್ನು ಕೊಟ್ಟು ಕಬ್ಬಿಣವನ್ನು ಕೊಂಡುಕೊಂಡ ವ್ಯವಹಾರದ ಕ್ರಯಪತ್ರವೇ ಆ ಕಟ್ಟಡ. ಕ್ರಯಪತ್ರವನ್ನು ಸುಟ್ಟವರಿಗೆ ಲೆಕ್ಕ ಕೇಳುವ ಹಕ್ಕು ಉಳಿಯದು. ಸ್ಮಾರಕವೆಂದರೆ ಪೂಜೆಯೇ ಎಂಬ ಭಾವನೆಯೇ ತಪ್ಪು. ವೀರಗಲ್ಲಿನ ಮೇಲೆ ವೀರನನ್ನು ಮಾತ್ರವಲ್ಲ, ಊರನ್ನು ಸುಲಿದ ತುರುಗಳ್ಳರನ್ನೂ ಕೆತ್ತಿರುವುದುಂಟು.

ಹೊಟ್ಟೆಗಿಲ್ಲದ ಕಾರ್ಮಿಕನ ಮುಂದೆ ಹಳೆಯ ಗೋಡೆಯ ಮಾತೇ ಎಂಬುದು ಎರಡನೆಯ ಆಕ್ಷೇಪ. ಕಾರ್ಮಿಕನ ಅನ್ನದ ಪ್ರಶ್ನೆಯೇ ಮೊದಲಿನದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಎರಡು ಪ್ರಶ್ನೆಗಳಿಗೆ ಜಗಳ ಹಚ್ಚಿದವರಾರು? ಕಾರ್ಖಾನೆ ನಡೆದರೂ ಹಳೆಯ ಕುಲುಮೆಯನ್ನು ಉಳಿಸಬಹುದು. ನಡೆಯದಿದ್ದರೆ ಉಳಿಸುವ ಅವಶ್ಯಕತೆಯು ಇಮ್ಮಡಿಯಾಗುವುದು. ಗುಜರಿಯ ಹಣವಾದರೂ ದಿನಗೂಲಿಯವನ ಕೈಗೆ ಬಂದದ್ದನ್ನು ಕಂಡವರಾರು? ಕಾಗದದ ಕಾರ್ಖಾನೆಯ ದೃಷ್ಟಾಂತವು ಅದೇ ಊರಿನಲ್ಲಿಯೇ ಇದೆ. 1936ರಲ್ಲಿ ಸ್ಥಾಪಿತವಾದ ಅದು 2015ರಲ್ಲಿ ನಿಂತಿತು. ಯಂತ್ರದ ಸದ್ದು ಅಡಗಿದ ಮೇಲೆ ಆ ಬಡಾವಣೆಗಳು ಹೇಗಾದುವೆಂಬುದನ್ನು ಹೋಗಿ ನೋಡಿದವರು ಬಲ್ಲರು.

ಹಣವೆಲ್ಲಿಂದ ಬರಬೇಕೆಂಬ ಮೂರನೆಯ ಪ್ರಶ್ನೆಗೆ ದೀರ್ಘವಾದ ಉತ್ತರವು ಅನಾವಶ್ಯಕ. 2023ರ ಫೆಬ್ರವರಿಯಲ್ಲಿ, ಎಂದರೆ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಬಂದ ಮರುತಿಂಗಳಲ್ಲೇ, ಶಿವಮೊಗ್ಗೆಯ ಸೋಗಾನೆಯಲ್ಲಿ ಕಮಲದ ಆಕಾರದ ವಿಮಾನನಿಲ್ದಾಣವು ಆರಂಭವಾಯಿತು. ಅದು ಬೇಡವಾಗಿತ್ತೆಂದು ಯಾರೂ ಹೇಳರು. ನಗರವನ್ನು ಚೆಲುವಾಗಿಸುವ ಹೆಸರಿನಲ್ಲಿ ರಸ್ತೆಗೆ, ದೀಪಕ್ಕೆ, ಉದ್ಯಾನಕ್ಕೆ ಹಣವು ಒದಗಿದ್ದುಂಟು. ಇಷ್ಟೆಲ್ಲಕ್ಕೆ ಒದಗಿದ ಬೊಕ್ಕಸವು ಒಂದು ಹಳೆಯ ಛಾವಣಿಗೆ ತಗಡು ಹೊದಿಸುವಾಗ ಬರಿದಾಗುವುದಾದರೆ ಅದು ಬಡತನವಲ್ಲ, ಅಭಿರುಚಿ.

ಜರ್ಮನಿಯಲ್ಲಿ ಫೋಕ್ಲಿಂಗೆನ್ ಎಂಬ ಊರಿದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗಳು 1986ರಲ್ಲಿ ಆರಿದುವು. ಆ ಜನರು ಅದನ್ನು ಒಡೆಯಲಿಲ್ಲ. ಎಂಟು ವರ್ಷಗಳಲ್ಲಿ, ಎಂದರೆ 1994ರಲ್ಲಿ, ಅದು ಜಗತ್ತಿನ ಪರಂಪರೆಯ ಪಟ್ಟಿಯನ್ನೇ ಸೇರಿತು. ಇಂಗ್ಲೆಂಡಿನ ಕೋಲ್‌ಬ್ರುಕ್‌ಡೇಲಿನಲ್ಲಿ ಅಬ್ರಹಾಂ ಡಾರ್ಬಿ ಎಂಬವನು 1709ರಲ್ಲಿ ಕಲ್ಲಿದ್ದಲಿನ ಕೋಕಿನಿಂದ ಅದಿರನ್ನು ಕರಗಿಸಿದ ಕುಲುಮೆಯ ಅವಶೇಷವನ್ನು ಮಾಡಿನೊಳಗೆ ಇಟ್ಟು ಕಾಪಾಡಿರುವರು. ಕಲ್ಲಿದ್ದಲು ಇದ್ದವರು ತಮ್ಮ ಕುಲುಮೆಯನ್ನು ಹಾಗೆ ಕಾಪಾಡಿದರು. ಕಲ್ಲಿದ್ದಲಿಲ್ಲದೆ ಬೇರೊಂದು ಮಾರ್ಗವನ್ನು ಹುಡುಕಿದವರ ಕುಲುಮೆಗೆ ಅಷ್ಟು ಯೋಗ್ಯತೆಯಿಲ್ಲವೇ? ಪಾಶ್ಚಾತ್ಯರ ವೇಷಭೂಷಣಗಳನ್ನು ಅನುಕರಿಸುವುದರಲ್ಲಿ ತೋರುವ ಉತ್ಸಾಹವನ್ನು ಈ ಒಂದು ಗುಣದಲ್ಲಿಯೂ ತೋರಬಹುದು.

ಆಗಬೇಕಾದ ಕೆಲಸವು ದೊಡ್ಡದೇನಲ್ಲ. ಮೊದಲನೆಯದಾಗಿ ಪಟ್ಟಿ. ಮರದ ಬಟ್ಟಿಯ ಭಾಗ, ಮೊದಲ ಕುಲುಮೆ, ಪ್ರಯೋಗಶಾಲೆ, ಎರಕದ ಮನೆ, ಕೆಮ್ಮಣ್ಣುಗುಂಡಿಯಿಂದ ತಣಿಗೆಬೈಲಿಗೆ ಅದಿರನ್ನು ಇಳಿಸುತ್ತಿದ್ದ ತಂತಿಮಾರ್ಗ, ಹಳೆಯ ನಕ್ಷೆಗಳು, ದಿನಚರಿಗಳು, ಕಡತಗಳು ಇವುಗಳಲ್ಲಿ ಉಳಿದಿರುವುದು ಯಾವುದು, ಹೋದದ್ದು ಯಾವುದು ಎಂಬುದನ್ನು ಸ್ಥಳದಲ್ಲಿ ನಿಂತು ಬರೆಯಿಸಬೇಕು. ಈ ಪಟ್ಟಿ ಮುಗಿಯುವವರೆಗೆ ಗುಜರಿಯ ಹರಾಜನ್ನು ತಡೆಹಿಡಿಯಬೇಕು. ಬಳಿಕ ರಾಜ್ಯದ ಪುರಾತತ್ವ ಇಲಾಖೆಯವರು 1961ರ ಶಾಸನದ ಪ್ರಕಾರ ಅಧಿಸೂಚನೆಯನ್ನು ಹೊರಡಿಸಿ, ಆಕ್ಷೇಪಣೆಗಳನ್ನು ಕೇಳಿ, ನೂರು ವರ್ಷ ದಾಟಿದ ಭಾಗವನ್ನಾದರೂ ಸಂರಕ್ಷಿತವೆಂದು ಸಾರಬೇಕು. ಒಡೆತನವು ಕೇಂದ್ರದ ಸಂಸ್ಥೆಯದೆಂಬ ನೆಪವು ಸಲ್ಲದು. ಆ ಸಂಸ್ಥೆಗೆ ಕಾರ್ಖಾನೆಯನ್ನು ಒಪ್ಪಿಸಿದ್ದು ಈ ರಾಜ್ಯವೇ ಅಲ್ಲವೇ? ಶಿವಮೊಗ್ಗೆಯ ಸಾಹಿತ್ಯ ಸಂಘಗಳೂ ಕಾಲೇಜುಗಳ ಇತಿಹಾಸ ಮತ್ತು ರಸಾಯನ ವಿಭಾಗಗಳೂ ಕೂಡಿ ಜಿಲ್ಲಾಧಿಕಾರಿಗಳಿಗೆ ಒಂದು ಮನವಿಯನ್ನು ಸಲ್ಲಿಸಿದರೆ ಈ ಕೆಲಸವು ಆರಂಭವಾಗುವುದು. ಜಿಲ್ಲೆಯ ಇತಿಹಾಸದ ಮೇಲೆ ಲೇಖನಗಳನ್ನು ಓದುವ ಸಭೆಗಳು ವರ್ಷಕ್ಕೆ ಹತ್ತು ನಡೆಯುತ್ತವೆ; ಅವುಗಳಲ್ಲಿ ಒಂದನ್ನು ಕಾರ್ಖಾನೆಯ ಬಾಗಿಲಲ್ಲಿ ನಡೆಸಬಹುದು.

ಪಟ್ಟಿಯನ್ನು ಬರೆಯುವವರು ಬೆಂಗಳೂರಿನಿಂದ ಬಂದ ತಜ್ಞರೊಬ್ಬರೇ ಆದರೆ ಸಾಲದು. ಯಾವ ಕೊಳವೆಯು ಯಾವ ತೊಟ್ಟಿಗೆ ಹೋಗುತ್ತಿತ್ತು, ಯಾವ ಬಾಗಿಲಿನಿಂದ ಕಿಟ್ಟವನ್ನು ಬಿಡುತ್ತಿದ್ದರು, ಯಾವ ಭಾಗಕ್ಕೆ ಕೆಲಸದವರು ತಮ್ಮೊಳಗೆ ಯಾವ ಹೆಸರನ್ನಿಟ್ಟು ಕರೆಯುತ್ತಿದ್ದರು ಎಂಬುದು ನಕ್ಷೆಗಳಲ್ಲಿಲ್ಲ. ಭದ್ರಾವತಿಯ ಹಳೆಯ ಬಡಾವಣೆಗಳಲ್ಲಿ ಜಗುಲಿಯ ಮೇಲೆ ಕುಳಿತಿರುವ ನಿವೃತ್ತ ಕೆಲಸಗಾರರ ನೆನಪಿನಲ್ಲಿದೆ. ಅವರಲ್ಲಿ ಅನೇಕರಿಗೆ ಎಂಬತ್ತು ದಾಟಿದೆ. ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ಕುಲುಮೆಯ ಮುಂದೆ ನಿಲ್ಲಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುವ ಕೆಲಸವು ಬರುವ ಮಳೆಗಾಲಕ್ಕೆ ಮುಂಚೆಯೇ ತೊಡಗಬೇಕು.